ಬರ ಬೇರೆ, ಹಸಿವು ಬೇರೆ: ಕೇಪ್ ವರ್ಡೆ ದ್ವೀಪಗಳನ್ನು ನೋಡಿ

ಶಾಲೆ ಗೋಡೆಗೆ ತೂಗುಹಾಕಿದ ಭೂಪಟದಲ್ಲಿ ಬಳ್ಳಾರಿ ಮೇಲೆ ಬೆರಳಿಟ್ಟು ನೆಟ್ಟಗೆ ಪಡುವಣಕ್ಕೆ ಗೆರೆ ಎಳೆದುಕೊಂಡು ಹೋಗಿ. ಗೋವಾ ದಾಟುತ್ತೀರಿ, ಅರಬ್ಬಿ ಸಮುದ್ರ ದಾಟುತ್ತೀರಿ, ಯೆಮೆನ್ ಬರುತ್ತೆ, ಕೆಂಪು ಸಮುದ್ರ ಬರುತ್ತೆ, ಆಮೇಲೆ ಆಫ್ರಿಕಾ. ಸುಡಾನ್, ಚಾಡ್, ನೈಜರ್, ಮಾಲಿ ಎಂಬ ಒಣ ದೇಶಗಳನ್ನೆಲ್ಲ ದಾಟಿ ಸೆನೆಗಲ್ ದಂಡೆಗೆ ಬಂದರೆ ಮುಂದೆ ಅಟ್ಲಾಂಟಿಕ್ ಸಾಗರ. ಅಲ್ಲಿಂದ ಇನ್ನೂ ಆರುನೂರು ಏಳುನೂರು ಕಿಲೋಮೀಟರ್ ನೀರಿನ ಮೇಲೆ ಹೋದರೆ ಅದೇ ಗೆರೆಯ ಮೇಲೆ ಗುಡ್ಡಗಾಡಿನ ಒಂದು ದ್ವೀಪ ಸಿಗುತ್ತೆ. ಹೆಸರು ಸಾಂತಿಯಾಗೊ. ಕೇಪ್ ವರ್ಡೆ ಎಂಬ ಪುಟ್ಟ ದೇಶದ ದೊಡ್ಡ ದ್ವೀಪ ಅದು.

ಕೇಪ್ ವರ್ಡೆ ಅಂದರೆ ಹಸಿರು ಭೂಶಿರ ಅಂತ ಅರ್ಥ. ಅಸಲಿಗೆ ಆ ಹೆಸರು ಎದುರಿನ ಸೆನೆಗಲ್ ದಂಡೆಯ ಒಂದು ಭೂಶಿರದ್ದು, ದ್ವೀಪಗಳಿಗೆ ಎರವಲು ಬಂದದ್ದು. ದ್ವೀಪಗಳಲ್ಲಿ ಹಸಿರು ಕಮ್ಮಿ. ವರ್ಷದ ಸರಾಸರಿ ಮಳೆ 250 ಮಿ.ಮೀ. ಆಸುಪಾಸು, ಅಂದರೆ ಹತ್ತು ಇಂಚು. ನಮ್ಮ ರಾಜ್ಯದಲ್ಲೇ ಕಡಿಮೆ ಮಳೆಯ ಸೀಮೆ ಎನಿಸಿಕೊಂಡ ಚಳ್ಳಕೆರೆ ಕಡೆ ಬೀಳುವುದರ ಅರ್ಧದಷ್ಟು ಮಾತ್ರ. ಅಷ್ಟರಲ್ಲೇ ಅಲ್ಲಿನ ಸಣ್ಣ ರೈತ ಮೆಕ್ಕೆಜೋಳ ಹಾಕುತ್ತಾನೆ, ಜೊತೆಗೆ ಅವರೆ, ತೊಗರಿ ಹಾಕುತ್ತಾನೆ. ನಾನು ಆ ದೇಶ ಕಂಡವನಲ್ಲ, ಓದಿ ತಿಳಿದವನು. ಆದರೆ ಮಳೆ ನಂಬಿ ಬದುಕುವ ನಾವೆಲ್ಲ ಈ ದೇಶದ ಕಥೆ ತಿಳಿದುಕೊಳ್ಳಬೇಕು ಅಂತ ನನ್ನ ಅಭಿಪ್ರಾಯ. ಯಾಕೆಂದರೆ ಬರ ಬಂದರೆ ಜನ ಸಾಯಲೇಬೇಕು ಅನ್ನೋ ಮಾತು ಸುಳ್ಳು ಅಂತ ಈ ದ್ವೀಪಗಳು ತೋರಿಸಿಕೊಟ್ಟಿವೆ. ಬರ ಆಕಾಶದ್ದು, ಹಸಿವು ಮನುಷ್ಯರದ್ದು.

ಹತ್ತು ದ್ವೀಪ, ಎರಡು ಜಾತಿ

ದೇಶದಲ್ಲಿ ಒಟ್ಟು ಹತ್ತು ದ್ವೀಪಗಳಿವೆ. ಒಂಬತ್ತರಲ್ಲಿ ಜನ ಇದ್ದಾರೆ, ಸಾಂತಾ ಲುಝಿಯಾ ಎಂಬ ಒಂದರಲ್ಲಿ ಇಲ್ಲ. ಎಲ್ಲಾ ಸೇರಿಸಿದರೂ ನಾಲ್ಕು ಸಾವಿರ ಚದರ ಕಿಲೋಮೀಟರ್ ಚಿಲ್ಲರೆ. ಚಿತ್ರದುರ್ಗ ಜಿಲ್ಲೆಯ ಅರ್ಧಕ್ಕೂ ಕಡಿಮೆ. ಜನಸಂಖ್ಯೆ ಐದು ಲಕ್ಷದ ಹತ್ತಿರ. ಸಾಗುವಳಿಗೆ ಬರುವ ನೆಲ ಹತ್ತರಲ್ಲಿ ಒಂದು ಭಾಗ ಅಷ್ಟೇ.

ಹತ್ತೂ ದ್ವೀಪಗಳು ಸಮುದ್ರದ ತಳದಿಂದ ಜ್ವಾಲಾಮುಖಿ ಉಗುಳಿದ ಕಲ್ಲಿನಿಂದ ಆದವು. ಮೂಡಣ ಕಡೆಯ ಸಾಲ್, ಬೋವಾ ವಿಸ್ತಾ, ಮಾಯೊ ಮೂರೂ ಹಳೇ ದ್ವೀಪಗಳು. ಲಕ್ಷಾಂತರ ವರ್ಷ ಗಾಳಿ, ಅಲೆ ತಿಂದು ತಿಂದು ಚಪ್ಪಟೆಯಾಗಿವೆ. ಅಲ್ಲಿ ಮರಳು, ಉಪ್ಪು, ಕುರುಚಲು. ಸಾಲ್ ಅಂದರೇ ಉಪ್ಪು. ಪಡುವಣ ಕಡೆಯವು ಎಳೇ ದ್ವೀಪಗಳು, ಬೆಟ್ಟದ ದ್ವೀಪಗಳು. ಸಾಂತೊ ಆಂತಾಂವ್ ದ್ವೀಪದ ತುದಿ 1,979 ಮೀಟರ್. ಫೋಗೊ ದ್ವೀಪದ ಶಿಖರ 2,829 ಮೀಟರ್. ನಮ್ಮ ಮುಳ್ಳಯ್ಯನಗಿರಿಗಿಂತ ಒಂಬೈನೂರು ಮೀಟರ್ ಎತ್ತರ. ಫೋಗೊ ಅಂದರೆ ಬೆಂಕಿ. ಅದು ಈಗಲೂ ಜೀವಂತ ಜ್ವಾಲಾಮುಖಿ. 1951ರಲ್ಲಿ, 1995ರಲ್ಲಿ ಉಕ್ಕಿತು, 2014ರ ನವೆಂಬರಿನಲ್ಲಿ ಮತ್ತೆ ಉಕ್ಕಿ ಮುಂದಿನ ಫೆಬ್ರವರಿ ತನಕ ಹರಿದು ಪೊರ್ತೆಲಾ, ಬಂಗಾಯೇರಾ ಎಂಬ ಎರಡು ಹಳ್ಳಿಗಳನ್ನು ಮುಚ್ಚಿಹಾಕಿತು.

ಆ ಹಳ್ಳಿಯವರು ಏನು ಮಾಡಿದರು ಗೊತ್ತೇ? ಕರೀ ಕಲ್ಲು ಆರಿದ ಮೇಲೆ ವಾಪಸು ಬಂದು ಮತ್ತೆ ಮನೆ ಕಟ್ಟಿಕೊಂಡರು. ಯಾಕೆಂದರೆ ಅವರ ದ್ರಾಕ್ಷಿ ಬಳ್ಳಿ ಇರುವುದು ಆ ಬೂದಿಯ ನೆಲದಲ್ಲೇ. ಬೂದಿ, ಕರಿ ಹರಳಿನಲ್ಲಿ ಗುಂಡಿ ತೋಡಿ ಒಂದೊಂದು ಬಳ್ಳಿ ನೆಡುತ್ತಾರೆ. ಆ ಹರಳು ಬಿದ್ದ ನೀರನ್ನು ಸರಕ್ಕನೆ ಒಳಗೆ ಬಿಟ್ಟುಕೊಂಡು ಮೇಲೆ ಹೊದಿಕೆಯಂತೆ ಕೂತು ತೇವ ಆರದಂತೆ ಕಾಯುತ್ತೆ. ಸೊಪ್ಪು ಸದೆ ಹಾಸಿ ಮುಚ್ಚಿಗೆ ಮಾಡುವ ನಮಗೆ ಇದರ ಗುಟ್ಟು ಬಿಡಿಸಿ ಹೇಳಬೇಕಾಗಿಲ್ಲ.

ಗಾಳಿ ಬರುವ ಮಗ್ಗುಲು, ಬಾರದ ಮಗ್ಗುಲು

ಒಂದೇ ಗೆರೆ ಮೇಲಿದ್ದರೂ ಬಳ್ಳಾರಿಗೂ ಸಾಂತಿಯಾಗೊಗೂ ಮಳೆ ಯಾಕೆ ಬೇರೆ? ನಮಗೆ ಮುಂಗಾರು ಗಾಳಿ ಬಿಸಿ ಸಮುದ್ರದ ಮೇಲಿಂದ ನೀರು ಹೊತ್ತು ತರುತ್ತೆ. ಅಲ್ಲಿ ವರ್ಷದ ಬಹುಪಾಲು ಈಶಾನ್ಯದಿಂದ ಒಂದೇ ಸಮ ಗಾಳಿ ಬೀಸುತ್ತೆ, ಅದು ಹಾದು ಬರುವುದು ತಣ್ಣನೆ ಸಮುದ್ರದ ಮೇಲೆ. ತಣ್ಣನೆ ನೀರಿನ ಮೇಲೆ ಮಂಜು ಕಟ್ಟುತ್ತೆ, ಮೋಡವೂ ಆಗುತ್ತೆ, ಆದರೆ ಆ ಮೋಡ ಮೇಲೇಳುವುದಿಲ್ಲ. ಅದರ ನೆತ್ತಿಯ ಮೇಲೆ ಬಿಸಿ ಒಣ ಗಾಳಿಯ ಪದರ ಮುಚ್ಚಳದ ಹಾಗೆ ಕೂತಿರುತ್ತೆ. ಮೇಲೇಳದ ಮೋಡ ಮಳೆ ಸುರಿಸೋದಿಲ್ಲ.

ಚಪ್ಪಟೆ ದ್ವೀಪಗಳ ಮೇಲೆ ಈ ಗಾಳಿ ಸುಮ್ಮನೆ ಹಾದು ಹೋಗುತ್ತೆ. ಬೆಟ್ಟದ ದ್ವೀಪಕ್ಕೆ ಬಂದಾಗ ಅದಕ್ಕೆ ಅಡ್ಡ ಸಿಗುತ್ತೆ. ಈಶಾನ್ಯಕ್ಕೆ ಮುಖ ಮಾಡಿದ ಇಳಿಜಾರು ಗಾಳಿಯನ್ನು ಮೇಲಕ್ಕೆ ದಬ್ಬುತ್ತೆ, ಅಲ್ಲಿ ಮಂಜು ಕವಿಯುತ್ತೆ, ಗಿಡದ ಎಲೆಯಿಂದ ಹನಿ ತೊಟ್ಟಿಕ್ಕುತ್ತೆ. ಸಾಂತೊ ಆಂತಾಂವ್ ದ್ವೀಪದ ಈಶಾನ್ಯದಲ್ಲಿ ಪಾವುಲ್ ಅನ್ನುವ ಕಣಿವೆ ಇದೆ. ಅಲ್ಲಿ ಕಬ್ಬು, ಬಾಳೆ, ಕೆಸುವಿನ ಗೆಡ್ಡೆ, ಮಾವು. ಬೆಟ್ಟದ ನೆತ್ತಿ ದಾಟಿ ಇನ್ನೊಂದು ಮಗ್ಗುಲಿಗೆ ಇಳಿದರೆ ಬರೀ ಕಲ್ಲು, ಮೇಕೆ ಮೇಯೋಕೂ ಹುಲ್ಲಿಲ್ಲ. ಘಟ್ಟದ ಮೇಲೆ ಮಲೆನಾಡು, ಇತ್ತ ಬಯಲುಸೀಮೆ ಇರುವಂತೆಯೇ. ನಮ್ಮಲ್ಲಿ ಅದಕ್ಕೆ ನೂರಾರು ಕಿಲೋಮೀಟರ್ ಬೇಕು, ಅಲ್ಲಿ ಒಂದು ಹೊತ್ತಿನ ನಡಿಗೆ ಸಾಕು.

ಈ ಮಂಜನ್ನು ಅಲ್ಲಿನವರು ಬಿಟ್ಟಿಲ್ಲ. ಸಾಂತೊ ಆಂತಾಂವ್ ನೆತ್ತಿ ಮೇಲೆ ಪೈನ್ ಮರ ಬೆಳೆಸಿದ್ದಾರೆ. ಅದರ ಸೂಜಿ ಎಲೆಗೆ ಮಂಜು ತಾಗಿ ಹನಿಯಾಗಿ ಬುಡಕ್ಕೆ ಬೀಳುತ್ತೆ. ಸಾಂತಿಯಾಗೊ ದ್ವೀಪದ ಸೆರ್ರಾ ಮಲಗೆಟಾ ಬೆಟ್ಟದಲ್ಲಿ ಬಲೆ ಕಟ್ಟಿ ಮಂಜಿನ ನೀರು ಹಿಡಿದಿದ್ದಾರೆ. ಆದರೆ ಒಂದು ಮಾತು. ಇದು ಬೆಟ್ಟದ ಒಂದು ಮಗ್ಗುಲಿಗೆ, ಒಂದು ಎತ್ತರಕ್ಕೆ ಮಾತ್ರ ಸಿಗುವ ಭಾಗ್ಯ. ಉಳಿದ ರೈತರಿಗೆ ಮಳೆಯೇ ಗತಿ.

ಮೂರು ತಿಂಗಳ ಆಟ

ಮಳೆ ಬರುವುದಿದ್ದರೆ ಆಗಸ್ಟ್, ಸೆಪ್ಟೆಂಬರ್, ಅಕ್ಟೋಬರ್ ಮೂರು ತಿಂಗಳಲ್ಲಿ. ಆಫ್ರಿಕಾದ ಮಳೆಯ ಪಟ್ಟಿ ಆ ದಿನಗಳಲ್ಲಿ ಉತ್ತರಕ್ಕೆ ಸರಿಯುತ್ತೆ, ಅದರ ಅಂಚು ಈ ದ್ವೀಪಗಳಿಗೆ ತಾಗಿದರೆ ಮಳೆ, ತಾಗದಿದ್ದರೆ ಇಲ್ಲ. ಸೀರೆ ಸೆರಗು ತಾಗಿದ ಹಾಗೆ. ಸ್ವಲ್ಪ ತೆಂಕಲಲ್ಲೇ ನಿಂತುಬಿಟ್ಟರೆ ಆ ವರ್ಷ ಹೋಯಿತು ಅಂತಲೇ ಲೆಕ್ಕ.

ಅಲ್ಲಿನ ರೈತ ಮಳೆ ಬರುವ ಮೊದಲೇ ಒಣ ಮಣ್ಣಿಗೆ ಬೀಜ ಹಾಕುವುದೂ ಉಂಟು. ಇಳಿಜಾರಿನಲ್ಲಿ ನೇಗಿಲು ಹೂಡೋಕೆ ಆಗೋದಿಲ್ಲ, ಗುದ್ದಲಿಯಲ್ಲಿ ಗುಣಿ ತೋಡಿ ಒಂದೇ ಗುಣಿಗೆ ಮೆಕ್ಕೆಜೋಳ, ಅವರೆ, ಅಲಸಂದೆ ಕಾಳು ಒಟ್ಟಿಗೆ ಹಾಕುತ್ತಾನೆ. ನಮ್ಮ ಅಕ್ಕಡಿ ಬೆಳೆಯ ಬುದ್ಧಿಯೇ ಅದು. ಒಂದು ಹೋದರೆ ಇನ್ನೊಂದು ಕೈ ಹಿಡಿಯಲಿ ಅಂತ. ಮೆಕ್ಕೆಜೋಳ, ಕಾಳು ಸೇರಿಸಿ ಬೇಯಿಸುವ ಕಚೂಪಾ ಅಲ್ಲಿನವರ ನಿತ್ಯದ ಊಟ.

ಮೊಳಕೆ ಬಂದ ಮೇಲೆ ಮೂಡಣದಿಂದ ಸಹಾರಾ ಮರುಭೂಮಿಯ ಬಿಸಿ ಗಾಳಿ ಬಂದರೆ ಪೈರು ಎರಡು ಮೂರು ದಿನದಲ್ಲಿ ಸುಟ್ಟ ಹಾಗಾಗುತ್ತೆ. ಹಾಗಂತ ಮಳೆ ಬಂದರೆ ಖುಷಿ ಪಡುವ ಹಾಗೂ ಇಲ್ಲ. ವರ್ಷದ ಮಳೆ ಎಲ್ಲಾ ಕೆಲವೇ ದಿನದಲ್ಲಿ, ಕೆಲವೊಮ್ಮೆ ಒಂದೇ ಹೊಡೆತಕ್ಕೆ ಬೀಳುತ್ತೆ. 2025ರ ಆಗಸ್ಟಿನಲ್ಲಿ ಸಾಂವ್ ವಿಸೆಂತೆ ದ್ವೀಪದಲ್ಲಿ ಚಂಡಮಾರುತದ ಮಳೆ ಐದು ತಾಸಿನಲ್ಲಿ 190 ಮಿ.ಮೀ. ದಾಟಿತು. ಅದು ಆ ದ್ವೀಪದ ಇಡೀ ವರ್ಷದ ಮಳೆಗಿಂತ ಹೆಚ್ಚು. ಬರದ ದ್ವೀಪದಲ್ಲಿ ಜನ ನೆರೆಗೆ ಸಿಕ್ಕಿ ಸತ್ತರು.

ಬೆಟ್ಟ ಕಡಿದು, ಹಳ್ಳ ಗಿಡ್ಡ. ಮೇಲೆ ಬಿದ್ದ ನೀರು ಕೆಲವು ತಾಸಿನಲ್ಲಿ ಸಮುದ್ರ ಸೇರುತ್ತೆ. ಬರೀ ನೀರಲ್ಲ, ಮಣ್ಣು ಕಟ್ಟಿಕೊಂಡೇ ಹೋಗುತ್ತೆ. ಇದೇ ಆ ದೇಶದ ನಿಜವಾದ ಕಷ್ಟ. ಮಳೆ ಕಡಿಮೆ ಅನ್ನುವುದು ಒಂದು ಪಾಲು, ಬಿದ್ದ ಮಳೆ ನಿಲ್ಲೋದಿಲ್ಲ ಅನ್ನುವುದು ಮೂರು ಪಾಲು.

ಸತ್ತವರ ಲೆಕ್ಕ

ಪೋರ್ಚುಗೀಸರು 1460ರ ಸುಮಾರಿಗೆ ಬಂದಾಗ ಈ ದ್ವೀಪಗಳಲ್ಲಿ ಮನುಷ್ಯರೇ ಇರಲಿಲ್ಲ. 1462ರಿಂದ ಸಾಂತಿಯಾಗೊದಲ್ಲಿ ಊರು ಕಟ್ಟಿದರು. ಆಫ್ರಿಕಾದಿಂದ ಜನರನ್ನು ಹಿಡಿದು ತಂದು ಗುಲಾಮರಾಗಿ ದುಡಿಸಿದರು, ಮಾರಿದರು. ಮೇಕೆ ತಂದು ಬಿಟ್ಟರು. ಸೌದೆಗೆ ಮರ ಕಡಿದರು. ಇಳಿಜಾರೆಲ್ಲ ಹೊಲ ಆಯಿತು. ಮೇಕೆ ಹುಲ್ಲು ತಿಂದಿತು, ಗುದ್ದಲಿ ಮಣ್ಣು ಸಡಿಲ ಮಾಡಿತು, ಮಳೆ ಕೊಚ್ಚಿಕೊಂಡು ಹೋಯಿತು. ಐನೂರು ವರ್ಷ ಇದೇ ನಡೆಯಿತು.

ಒಳ್ಳೇ ನೀರಾವರಿ ಭೂಮಿ ಕೆಲವೇ ಮನೆತನಗಳ ಕೈಯಲ್ಲಿ ಇತ್ತು. ಉಳಿದವರು ಗೇಣಿದಾರರು, ಪಾಲಿಗೆ ಉಳುವವರು. ಬರ ಬಂದಾಗ ಅವರ ಮನೆಯಲ್ಲಿ ಕಾಳೂ ಇಲ್ಲ, ಕೈಯಲ್ಲಿ ಕಾಸೂ ಇಲ್ಲ, ಊರಲ್ಲಿ ಕೂಲಿಯೂ ಇಲ್ಲ. 1770ರ ದಶಕದಲ್ಲಿ, 1830ರ ದಶಕದಲ್ಲಿ, 1860ರ ದಶಕದಲ್ಲಿ ಹೀಗೆ ಮತ್ತೆ ಮತ್ತೆ ಸಾವಿರ ಸಾವಿರ ಜನ ಹಸಿದು ಸತ್ತರು. ಇದು ಹಳೇ ಕಾಲದ ಮಾತು ಅಂತ ತಳ್ಳಿಹಾಕಬೇಡಿ. 1940ರ ದಶಕದಲ್ಲೂ ಎರಡು ಸಲ ಆಯಿತು. 1940ರಲ್ಲಿ ಸುಮಾರು 1 ಲಕ್ಷ 80 ಸಾವಿರ ಇದ್ದ ಜನ, 1950ರ ಗಣತಿಗೆ 1 ಲಕ್ಷ 50 ಸಾವಿರಕ್ಕೂ ಕೆಳಗಿಳಿದಿತ್ತು. ಕೆಲವರು ಊರು ಬಿಟ್ಟರು, ಬಹಳ ಜನ ಸತ್ತರು. 1949ರ ಫೆಬ್ರವರಿಯಲ್ಲಿ ರಾಜಧಾನಿ ಪ್ರಾಯಾದಲ್ಲಿ ಪರಿಹಾರದ ಊಟಕ್ಕೆ ನೆರೆದಿದ್ದ ಜನರ ಮೇಲೆ ಗೋಡೆ ಕುಸಿದು ಇನ್ನೂರಕ್ಕೂ ಹೆಚ್ಚು ಮಂದಿ ಸತ್ತರು. ಅನ್ನಕ್ಕೆ ಬಂದವರು ಕಲ್ಲಿನಡಿ ಹೋದರು.

ಆ ಹೊತ್ತಿಗೆ ಹಡಗು ಇರಲಿಲ್ಲವೇ? ಇತ್ತು. ಜಗತ್ತಿನಲ್ಲಿ ಜೋಳ ಇರಲಿಲ್ಲವೇ? ಇತ್ತು. ಹಸಿದವರನ್ನು ಕೋಕೋ ತೋಟದ ಕೂಲಿಗೆ ಸಾಂವ್ ತೊಮೆ ದ್ವೀಪಕ್ಕೆ ಹಡಗು ಹತ್ತಿಸಿ ಕಳಿಸಿದರು. ಜನರನ್ನು ಒಯ್ಯೋಕೆ ಹಡಗು ಸಿಕ್ಕಿತು, ಸಾಕಾಗುವಷ್ಟು ಜೋಳ ತರೋಕೆ ಸಿಗಲಿಲ್ಲ. ಇದಕ್ಕೆ ಮೋಡವನ್ನು ಬೈದು ಏನು ಫಲ?

ಮಣ್ಣು ಓದಿದ ಮುಖಂಡ

ಆ ಬರದ ಕಾಲದಲ್ಲಿ ಸಾಂವ್ ವಿಸೆಂತೆ ದ್ವೀಪದ ಮಿಂದೆಲೊ ಊರಲ್ಲಿ ಓದುತ್ತಿದ್ದ ಒಬ್ಬ ಹುಡುಗ ಮುಂದೆ ಪೋರ್ಚುಗಲ್‌ಗೆ ಹೋಗಿ ಕೃಷಿ ವಿಜ್ಞಾನ ಕಲಿತ. ಮಣ್ಣು ಕೊಚ್ಚಿ ಹೋಗುವುದರ ಬಗ್ಗೆಯೇ ಅಧ್ಯಯನ ಮಾಡಿದ. ಹೆಸರು ಅಮಿಲ್ಕಾರ್ ಕಬ್ರಾಲ್, ಹುಟ್ಟಿದ್ದು 1924ರಲ್ಲಿ. ಕೇಪ್ ವರ್ಡೆಯ ಮಣ್ಣು ಉಳಿಸಬೇಕು ಅಂತ ಅಲ್ಲಿನ ಪತ್ರಿಕೆಯಲ್ಲಿ ಬರೆದ. ಆಮೇಲೆ ಮಣ್ಣು ಉಳಿಯಬೇಕಾದರೆ ಆಳುವವರು ಬದಲಾಗಬೇಕು ಅಂತ ತೀರ್ಮಾನಿಸಿ 1956ರಲ್ಲಿ ಸ್ವಾತಂತ್ರ್ಯಕ್ಕೆ ಪಕ್ಷ ಕಟ್ಟಿದ. 1973ರ ಜನವರಿಯಲ್ಲಿ ಅವನನ್ನು ಕೊಂದರು. ದೇಶಕ್ಕೆ ಸ್ವಾತಂತ್ರ್ಯ ಬಂದದ್ದು 1975ರ ಜುಲೈ 5ರಂದು.

ಸ್ವಾತಂತ್ರ್ಯದ ಮುಖಂಡರಲ್ಲಿ ವಕೀಲರು ಬಹಳ, ಮೇಷ್ಟ್ರುಗಳೂ ಉಂಟು. ಮಣ್ಣು ಓದಿದವನು ಅಪರೂಪ. ಇದರ ಗುಣ ಮುಂದೆ ಕಂಡಿತು.

ಕಲ್ಲು ಹೊತ್ತರು, ಜೋಳ ತಂದರು

ಸ್ವಾತಂತ್ರ್ಯ ಬಂದಾಗ ಮಳೆ ಕೈಕೊಟ್ಟು ಏಳೆಂಟು ವರ್ಷ ಆಗಿತ್ತು. 1968ರಲ್ಲಿ ಆಫ್ರಿಕಾದ ಆ ಪಟ್ಟಿಗೆಲ್ಲ ಹಿಡಿದ ಬರ ಈ ದ್ವೀಪಗಳಿಗೂ ಹಿಡಿದಿತ್ತು, ಬಿಟ್ಟು ಬಿಟ್ಟು 1980ರ ದಶಕಕ್ಕೂ ಮುಂದುವರಿಯಿತು. 1940ರ ದಶಕದ ಬರಕ್ಕಿಂತ ಉದ್ದದ ಬರ. ಆದರೆ ಈ ಸಲ ಸಾವಿರಾರು ಜನ ಹಸಿದು ಸಾಯಲಿಲ್ಲ. ಕೊನೆಕೊನೆಗೆ ಪೋರ್ಚುಗೀಸರೇ ಹೆದರಿ ಬರ ಕಾಮಗಾರಿ ಶುರು ಮಾಡಿದ್ದರು. ಹೊಸ ಸರ್ಕಾರ ಅದನ್ನೇ ಹಿಡಿದು ದೊಡ್ಡದು ಮಾಡಿತು, ಅದಕ್ಕೊಂದು ಗೊತ್ತು ಗುರಿ ಕೊಟ್ಟಿತು.

ಹೊರದೇಶಗಳು ದಾನ ಕೊಟ್ಟ ಧಾನ್ಯವನ್ನು ಅವರು ಪುಕ್ಕಟೆ ಹಂಚಲಿಲ್ಲ. ಅಂಗಡಿಯಲ್ಲಿ ದರ ಕಟ್ಟಿ ಮಾರಿದರು. ಮಾರಿದ ದುಡ್ಡನ್ನು ಕೂಲಿಗೆ ಹಾಕಿದರು. ಕೂಲಿ ಕೆಲಸ ಏನು? ಬೆಟ್ಟದ ಇಳಿಜಾರಿಗೆ ಅಡ್ಡಲಾಗಿ ಸಮಮಟ್ಟಕ್ಕೆ ಕಲ್ಲಿನ ಬದು ಹಾಕುವುದು, ಹಳ್ಳಕ್ಕೆ ಅಡ್ಡ ಕಲ್ಲಿನ ತಡೆಗಟ್ಟೆ ಕಟ್ಟುವುದು, ಗುಂಡಿ ತೋಡಿ ಗಿಡ ನೆಡುವುದು, ರಸ್ತೆಗೆ ಕಲ್ಲು ಹಾಸುವುದು. ಕೂಲಿಗೆ ಬಂದವರಲ್ಲಿ ಹೆಂಗಸರು ಬಹಳ. ಗಂಡಸರು ಎಷ್ಟೋ ಜನ ದುಡಿಯೋಕೆ ಹೊರದೇಶಕ್ಕೆ ಹೋಗಿದ್ದರು. ಬೆಟ್ಟ ಉಳಿಸಿದ ಕಲ್ಲು ತಲೆ ಮೇಲೆ ಹೊತ್ತವರು ಆ ತಾಯಂದಿರು.

ಈ ಲೆಕ್ಕ ಗಮನಿಸಿ. ಕೂಲಿ ಸಿಕ್ಕಿದ್ದರಿಂದ ಜನ ಜೋಳ ಕೊಂಡು ಉಂಡರು, ಭಿಕ್ಷೆ ಅನ್ನೋ ಮಾತು ಬರಲಿಲ್ಲ. ಕೆಲಸ ಆದದ್ದರಿಂದ ಬೆಟ್ಟದಲ್ಲಿ ಮಣ್ಣು ನಿಂತಿತು. ಒಂದೇ ಚೀಲ ಜೋಳ ಎರಡು ಕೆಲಸ ಮಾಡಿತು. ಸಾವಿರಾರು ತಡೆಗಟ್ಟೆ ಎದ್ದವು. ತಡೆಗಟ್ಟೆ ಹಿಂದೆ ಹೂಳು ತುಂಬಿದ ಕಡೆ ಮಟ್ಟಸವಾದ ಹೊಲವೇ ಆಯಿತು, ಅಲ್ಲಿ ಗೆಣಸು, ಮೆಕ್ಕೆಜೋಳ ಹಾಕಿದರು. ಕಲ್ಲು ಸಿಗದ ಕಡೆ ಸಾಲಾಗಿ ಲೋಳೆಸರ ನೆಟ್ಟು ಬದು ಮಾಡಿದರು. ತೊಗರಿಯನ್ನೂ ಇಳಿಜಾರಿಗೆ ಅಡ್ಡ ಸಾಲಾಗಿ ಹಾಕಿದರು. ಮೆಕ್ಕೆಜೋಳ ಕಿತ್ತ ಮೇಲೂ ತೊಗರಿ ಬೇರು ಮಣ್ಣು ಹಿಡಿದು ನಿಂತಿರುತ್ತೆ, ಕಾಯಿ ಕೊಡುತ್ತೆ, ಕಡ್ಡಿ ಒಲೆಗೂ ಆಗುತ್ತೆ.

ನಮ್ಮಲ್ಲೂ 2006ರಿಂದ ಉದ್ಯೋಗ ಖಾತ್ರಿಯಲ್ಲಿ ಬದು, ಕೃಷಿಹೊಂಡ ಆದವು. ಅದರಲ್ಲಿ ಒಳ್ಳೇವೂ ಇವೆ, ಬರೀ ಪುಸ್ತಕದಲ್ಲಿ ಇರುವಂಥವೂ ಇವೆ. ಕೂಲಿಯನ್ನು ಕೂಲಿ ಅಂತಷ್ಟೇ ನೋಡಿದರೆ ಹಾಗಾಗುತ್ತೆ. ಆ ಕೂಲಿಯಿಂದ ನಮ್ಮ ಮಣ್ಣು ನಮ್ಮಲ್ಲೇ ಉಳಿಯಬೇಕು ಅಂತ ಊರೇ ನೋಡಿಕೊಂಡರೆ ಕೆಲಸ ಬೇರೆ ಥರ ಆಗುತ್ತೆ.

ನಮ್ಮ ಬಳ್ಳಾರಿ ಜಾಲಿ ಅಲ್ಲೂ ಉಂಟು

ಸ್ವಾತಂತ್ರ್ಯದ ಹೊತ್ತಿಗೆ ಇಡೀ ದೇಶದಲ್ಲಿ ಮರ ಇದ್ದ ನೆಲ ಸುಮಾರು ಮೂರು ಸಾವಿರ ಹೆಕ್ಟೇರು. 2000ದ ಹೊತ್ತಿಗೆ ಅದು ಎಂಬತ್ತು ಸಾವಿರ ಹೆಕ್ಟೇರು ದಾಟಿತ್ತು, ದೇಶದ ಐದರಲ್ಲೊಂದು ಪಾಲು. ಅಷ್ಟು ಬೇಗ ಅಷ್ಟು ಮರ ಹೇಗೆ ಎದ್ದಿತು? ಬಹುಪಾಲು ಬಳ್ಳಾರಿ ಜಾಲಿ. ನಮ್ಮ ಕೆರೆ ಅಂಗಳ ತುಂಬಿರುವ ಅದೇ ಮುಳ್ಳಿನ ಗಿಡ.

ಈಗ ಓದುಗರಲ್ಲಿ ಅರ್ಧ ಜನ ಮುಖ ಸಿಂಡರಿಸಿಕೊಂಡಿರುತ್ತೀರಿ, ಬಲ್ಲೆ. ಅಲ್ಲೂ ಇದೇ ಜಗಳ ಇದೆ. ಜಾಲಿ ಬಂದ ಮೇಲೆ ಸೌದೆಗೆ ಅಳಿದುಳಿದ ಮರ ಕಡಿಯೋದು ತಪ್ಪಿತು, ಮೇಕೆಗೆ ಕಾಯಿ ಸಿಕ್ಕಿತು, ಇದ್ದಿಲು ಸುಟ್ಟು ಮಾರೋಕೆ ದಾರಿ ಆಯಿತು, ಬೋಳು ಬಯಲಿಗೆ ನೆರಳು ಬಂತು. ಇದೆಲ್ಲ ನಿಜ. ಮೇಕೆ ಕಾಯಿ ತಿಂದು ಬೀಜ ಹರಡಿ ಹಳ್ಳದ ಒಳಗೂ ಜಾಲಿ ಎದ್ದಿತು, ಅದರ ಬೇರು ಬಾವಿ ನೀರಿಗೆ ಬಾಯಿ ಹಾಕಿತು ಅನ್ನುವ ದೂರೂ ಇದೆ. ಅದೂ ಸುಳ್ಳಲ್ಲ.

ನನ್ನ ಅಭಿಪ್ರಾಯ ಇಷ್ಟು. ಏನೂ ಬೆಳೆಯದ ಬೋಳು ನೆಲಕ್ಕೆ ಮೊದಲ ಮರವಾಗಿ ಜಾಲಿ ಬಂದದ್ದಕ್ಕೆ ತಪ್ಪು ಹೇಳಬಾರದು. ಹಸಿದ ಮನೆಗೆ ಒಲೆ ಉರಿಸಿದ ಮರ ಅದು. ಆದರೆ ಅದನ್ನು ಹಾಕಿ ಕೈ ತೊಳೆದುಕೊಳ್ಳಬಾರದು. ನೆರಳು ಬಂದ ಮೇಲೆ ಅದರ ಆಸರೆಯಲ್ಲಿ ಬೇರೆ ಮರ ಎಬ್ಬಿಸಿ, ಹಳ್ಳದ ಅಂಗಳದಿಂದ ಜಾಲಿ ಕಿತ್ತು ಹಾಕಬೇಕಿತ್ತು. ಆ ಎರಡನೇ ಕೆಲಸ ಅಲ್ಲಿ ಎಲ್ಲಾ ಕಡೆ ಆಗಲಿಲ್ಲ, ನಮ್ಮಲ್ಲಂತೂ ಆಗಲೇ ಇಲ್ಲ.

ಅಣೆಕಟ್ಟಿನ ಆಸೆ

2006ರಲ್ಲಿ ಸಾಂತಿಯಾಗೊ ದ್ವೀಪದಲ್ಲಿ ಚೀನಾ ದೇಶದ ನೆರವಿನಿಂದ ಪೊಯ್ಲಾಂವ್ ಎಂಬ ಅಣೆಕಟ್ಟು ಎದ್ದಿತು. ಹದಿನೇಳು ಲಕ್ಷ ಘನ ಮೀಟರ್ ನೀರು ಹಿಡಿಯುತ್ತೆ ಅಂತ ಲೆಕ್ಕ. ಬೆಟ್ಟದ ನಡುವೆ ನೀರು ಹೊಳೆಯೋದು ಕಂಡು ಜನಕ್ಕೆ ಸಂತೋಷ ಆಯಿತು, ಆಗಲೇಬೇಕು. ಕೆಳಗಿನ ಹೊಲಗಳಲ್ಲಿ ಹನಿ ನೀರಾವರಿ ಹಾಕಿ ತರಕಾರಿ ಬೆಳೆದರು. 2010ರ ನಂತರ ಬೇರೆ ದ್ವೀಪಗಳಲ್ಲೂ ಅಣೆಕಟ್ಟು ಕಟ್ಟಿದರು.

ಆದರೆ ಮೇಲಿನ ಇಳಿಜಾರಿನಿಂದ ಪ್ರತಿ ಮಳೆಗೂ ಮಣ್ಣು ಇಳಿಯಿತು, ಅಣೆಕಟ್ಟಿನಲ್ಲಿ ಹೂಳು ಕೂತಿತು. 2017ರಿಂದ ಸತತ ಮಳೆ ಕೈಕೊಟ್ಟಾಗ ಅಣೆಕಟ್ಟೂ ಒಣಗಿತು. ಅಣೆಕಟ್ಟು ಬೇಡ ಅಂತ ನಾನು ಹೇಳೋದಿಲ್ಲ. ಮೊದಲು ನೆತ್ತಿ, ಆಮೇಲೆ ಇಳಿಜಾರು, ಆಮೇಲೆ ಹಳ್ಳ, ಕೊನೆಗೆ ಅಣೆಕಟ್ಟು. ಈ ಸಾಲು ತಪ್ಪಿಸಿದರೆ ನಾವು ಕಟ್ಟಿದ್ದು ನೀರಿನ ಕಟ್ಟೆ ಅಲ್ಲ, ಹೂಳಿನ ಕಣಜ. ನಮ್ಮ ಕೆರೆಗಳ ಗತಿ ನೋಡಿದವರಿಗೆ ಇದು ಹೊಸ ಮಾತಲ್ಲ.

ಇನ್ನೊಂದು ಮಾತು. ಸಾಂತೊ ಆಂತಾಂವ್ ಕಣಿವೆಗಳಲ್ಲಿ ಸಿಗುವ ನೀರಿನಲ್ಲಿ ಬಹಳ ಪಾಲು ಕಬ್ಬಿಗೆ ಹೋಗುತ್ತೆ. ಕಬ್ಬು ಸಕ್ಕರೆಗಲ್ಲ, ಗ್ರೋಗ್ ಅನ್ನುವ ಸಾರಾಯಿಗೆ. ಹತ್ತು ಇಂಚು ಮಳೆಯ ದೇಶದಲ್ಲಿ ಇದ್ದ ನೀರು ಕುಡಿತಕ್ಕೆ. ನೀರು ಇದ್ದವನ ಕೈಯಲ್ಲಿ ನೀರಿನ ಬೆಲೆ ಇಳಿಯುತ್ತೆ ಅನ್ನೋದು ಎಲ್ಲಾ ದೇಶದಲ್ಲೂ ಒಂದೇ.

ಎದುರು ಮಾತು

ಕೆಲವರು ಹೇಳಬಹುದು, ಆ ದೇಶ ಬದುಕಿದ್ದು ಬೇರೆಯವರ ದುಡ್ಡಿನಿಂದ, ಬದುವಿನಿಂದ ಅಲ್ಲ ಅಂತ. ಅದರಲ್ಲೂ ಹುರುಳಿದೆ. ತಿನ್ನುವ ಧಾನ್ಯದ ಬಹುಪಾಲು ಅಲ್ಲಿಗೆ ಹೊರಗಿನಿಂದಲೇ ಬರಬೇಕು. ಒಳಗಿರುವ ಜನಕ್ಕಿಂತ ಹೊರದೇಶದಲ್ಲಿರುವ ಅಲ್ಲಿನ ಜನವೇ ಹೆಚ್ಚು, ಅವರು ಕಳಿಸುವ ಹಣದಲ್ಲಿ ಎಷ್ಟೋ ಮನೆ ನಡೆಯುತ್ತೆ. ಚಪ್ಪಟೆ ದ್ವೀಪಗಳ ಮರಳಿಗೆ ಪ್ರವಾಸಿಗರು ಬರುತ್ತಾರೆ. ಊರುಗಳಿಗೆ ಸಮುದ್ರದ ನೀರಿನ ಉಪ್ಪು ತೆಗೆದು ಕುಡಿಯೋಕೆ ಕೊಡುತ್ತಾರೆ, ಅದಕ್ಕೆ ಖರ್ಚು ಬಹಳ. ಎಲ್ಲಾ ಬದು ಹಾಕಿದರೂ ಹತ್ತು ಇಂಚು ಮಳೆ ಇಪ್ಪತ್ತು ಇಂಚು ಆಗೋದಿಲ್ಲ.

ಅದಕ್ಕೆ ನನ್ನ ಉತ್ತರ ಇದು. ದಾನದ ಜೋಳ ಬಹಳ ದೇಶಗಳಿಗೆ ಬಂತು. ಎಷ್ಟೋ ಕಡೆ ಅದು ಗೋದಾಮಿನಿಂದ ಹೊಟ್ಟೆಗೆ ಹೋಗಿ ಮುಗಿಯಿತು, ಕೆಲವು ಕಡೆ ಹೊಟ್ಟೆಗೂ ಹೋಗಲಿಲ್ಲ. ಈ ದೇಶ ಅದನ್ನು ಬೆಟ್ಟದ ಮೇಲೆ ಕಲ್ಲಾಗಿ ಜೋಡಿಸಿತು. 2017ರಲ್ಲಿ ಮತ್ತೆ ಬರ ಬಂತು, ಅದೇ ವರ್ಷ ಮೆಕ್ಕೆಜೋಳ ತಿನ್ನುವ ಸೈನಿಕ ಹುಳವೂ ಬಂತು. ಮರುವರ್ಷ 2018ರಲ್ಲಿ ಶಿವಮೊಗ್ಗದಲ್ಲಿ ಕಾಣಿಸಿಕೊಂಡು ನಮ್ಮನ್ನು ಕಾಡಿದ ಅದೇ ಹುಳ. ಕಣಕ್ಕೆ ಏನೂ ಬರಲಿಲ್ಲ, ದನಕ್ಕೆ ಮೇವಿಲ್ಲದೆ ಪರದಾಡಿದರು, ಸಾಲ ಮಾಡಿದರು. ಆದರೆ 1940ರ ದಶಕದ ಹಾಗೆ ಜನ ಸಾಯಲಿಲ್ಲ. ಮೋಡ ಅದೇ ಮೋಡ. ಬೆಟ್ಟ ಅದೇ ಬೆಟ್ಟ. ಬದಲಾದದ್ದು ಮನುಷ್ಯರು ಮಾಡಿಕೊಂಡ ವ್ಯವಸ್ಥೆ.

ಇನ್ನು ಚಿಂತೆ ಮುಂದಿನದು. ಕಲ್ಲಿನ ಬದು ಒಮ್ಮೆ ಹಾಕಿದರೆ ಮುಗಿಯೋದಿಲ್ಲ. ಒಂದು ಕಡೆ ಒಡೆದರೆ ಅಲ್ಲೇ ಕೊರಕಲು ಶುರು, ಕೆಳಗಿನ ಹತ್ತು ಬದುವನ್ನೂ ಎಳೆದುಕೊಂಡು ಹೋಗುತ್ತೆ. ಕೂಲಿ ಕೊಡುವಾಗ ಎಲ್ಲರೂ ಬರುತ್ತಾರೆ, ಕೂಲಿ ನಿಂತ ಮೇಲೆ ಒಡೆದ ಕಲ್ಲು ಎತ್ತಿಡುವವರು ಯಾರು? ಗೇಣಿಗೆ ಉಳುವವನು ಬೇರೆಯವರ ಹೊಲದ ಬದು ಯಾಕೆ ಕಟ್ಟಬೇಕು? ಹರೆಯದವರೆಲ್ಲ ಹಡಗು ಹತ್ತಿ ಹೋದ ಊರಲ್ಲಿ ಮುದುಕರ ಕೈಲಿ ಎಷ್ಟಾದೀತು? ಈ ಪ್ರಶ್ನೆ ಸಾಂತಿಯಾಗೊ ಬೆಟ್ಟದ್ದೂ ಹೌದು, ನಮ್ಮ ಹಳ್ಳಿಗಳದ್ದೂ ಹೌದು.

ಬರ ಬಂದಾಗ ನಾವು ಕೇಳೋದು ಪರಿಹಾರದ ಚೆಕ್ಕು, ಮೇವಿನ ಗಾಡಿ, ಟ್ಯಾಂಕರಿನ ನೀರು. ಕೇಳಬೇಕಾದ್ದೇ. ಅದರ ಜೊತೆಗೆ ಇನ್ನೊಂದನ್ನೂ ಕೇಳೋಣ. ನಮ್ಮ ಗುಡ್ಡದ ನೆತ್ತಿಯಿಂದ ಕೆರೆ ಬಾಯಿ ತನಕ ಬದು ಹಾಕೋಕೆ ಬರದ ವರ್ಷದಲ್ಲೇ ಕೂಲಿ ಕೊಡಿ, ಯಾವ ಹಳ್ಳಕ್ಕೆ ಎಲ್ಲಿ ಕಲ್ಲು ಬೇಕು ಅಂತ ತೋರಿಸೋಕೆ ಊರಿನ ರೈತರನ್ನೇ ಕೇಳಿ ಅಂತ. ಆದ ಬದುವನ್ನು ಪ್ರತಿ ಮಳೆ ನಂತರ ಒಂದು ಸುತ್ತು ನೋಡಿ ಬರುವುದು ಮಾತ್ರ ಯಾವ ಸರ್ಕಾರದ ಕೆಲಸವೂ ಅಲ್ಲ. ಅದು ಆ ಹೊಲದ ಅಂಚಿನಲ್ಲಿ ನಡೆದಾಡುವ ನಮ್ಮದೇ ಕೆಲಸ.